ಎರಡು ಬಾಯಿಯ ಕ್ಯಾತಿಟರೋ, ಮೂರು ಬಾಯಿಯದೋ? ಮೂತ್ರದ ಪೈಪ್ ಮತ್ತು ಬ್ಲಾಡರ್ ವಾಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯೂರಾಲಜಿ ವಾರ್ಡಿನಲ್ಲಿ ನರ್ಸ್. ರೋಗಿಯ ಜೊತೆ ಬಂದವರು ದಿನಾ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ರೌಂಡ್ಸ್ ಹೊತ್ತಲ್ಲಿ ನಿಂತು ಪೂರ್ತಿ ಹೇಳೋಕೆ ಪುರುಸೊತ್ತು ಸಿಗುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಪೈಪ್ (ಕ್ಯಾತಿಟರ್) ಹಾಕುವುದು, ಮೂತ್ರಕೋಶ ತೊಳೆಯುವುದು (ಬ್ಲಾಡರ್ ವಾಶ್), ಪೈಪ್ ಬದಲಾಯಿಸುವುದು ಕಲಿತವರ ಕೆಲಸ. ಆದರೆ ರಾತ್ರಿಯಿಡೀ ಬೆಡ್ ಪಕ್ಕ ಕೂತಿರುವವರು ನೀವು. ಏನು ನೋಡಬೇಕು ಅಂತ ಗೊತ್ತಿದ್ದರೆ ಎಷ್ಟೋ ತೊಂದರೆ ಶುರುವಿನಲ್ಲೇ ಸಿಕ್ಕಿಬೀಳುತ್ತದೆ.

ಅಪ್ಪನಿಗೆ ಪ್ರಾಸ್ಟೇಟ್ ಆಪರೇಷನ್ ಆಗಿದೆ. ಅವರ ಪೈಪಿಗೆ ಮೂರು ಬಾಯಿ, ಪಕ್ಕದ ಬೆಡ್ಡಿನವರ ಪೈಪಿಗೆ ಎರಡೇ. ಯಾಕೆ?

ಎರಡು ಬಾಯಿಯದರಲ್ಲಿ ಒಂದರಿಂದ ಮೂತ್ರ ಚೀಲಕ್ಕೆ ಇಳಿಯುತ್ತದೆ. ಇನ್ನೊಂದು ಒಳಗಿನ ಬಲೂನಿಗೆ ನೀರು ತುಂಬಲು. ಆ ಬಲೂನ್ ಮೂತ್ರಕೋಶದೊಳಗೆ ಉಬ್ಬಿಕೊಂಡು ಪೈಪ್ ಜಾರದಂತೆ ಹಿಡಿದಿರುತ್ತದೆ. ಇದನ್ನೇ ವಾರ್ಡಿನಲ್ಲಿ ಫೋಲೀಸ್ ಅನ್ನುವುದು.

ಮೂರು ಬಾಯಿಯದರಲ್ಲಿ ಒಂದು ದಾರಿ ಜಾಸ್ತಿ. ಅದರಿಂದ ಮೇಲೆ ನೇತುಹಾಕಿದ ಸಲೈನ್ (ಉಪ್ಪು ನೀರು) ಮೂತ್ರಕೋಶದೊಳಕ್ಕೆ ಹೋಗುತ್ತದೆ. ಒಂದು ಕಡೆಯಿಂದ ನೀರು ಒಳಗೆ, ಇನ್ನೊಂದು ಕಡೆಯಿಂದ ರಕ್ತ ಬೆರೆತ ಮೂತ್ರ ಹೊರಗೆ, ನಿಲ್ಲದೆ ನಡೆಯುತ್ತಿರುತ್ತದೆ. ಪ್ರಾಸ್ಟೇಟನ್ನು (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಒಳಗಿಂದ ಕೆರೆದು ತೆಗೆದ ಮೇಲೆ ಆ ಜಾಗದಿಂದ ರಕ್ತ ಒಸರುತ್ತದೆ. ಅದು ನಿಂತಲ್ಲೇ ನಿಂತರೆ ಹೆಪ್ಪುಗಟ್ಟಿ ಪೈಪಿನ ಬಾಯಿ ಮುಚ್ಚುತ್ತದೆ. ಹೆಪ್ಪುಗಟ್ಟುವ ಮೊದಲೇ ತೆಳು ಮಾಡಿ ಹೊರಗೆ ಕಳಿಸಬೇಕು, ಅದಕ್ಕೇ ಮೂರನೇ ಬಾಯಿ. ಪಕ್ಕದ ಬೆಡ್ಡಿನವರಿಗೆ ಬರೀ ಮೂತ್ರ ಕಟ್ಟಿದ್ದಿರಬಹುದು, ರಕ್ತ ಇಲ್ಲ, ಅವರಿಗೆ ಎರಡು ಸಾಕು.

ಹಾಗಾದರೆ ಮೂರು ಬಾಯಿಯದೇ ಒಳ್ಳೆಯದಲ್ವಾ? ಎಲ್ಲರಿಗೂ ಅದನ್ನೇ ಹಾಕಿದರೆ ಆಯ್ತಲ್ಲ?

ಇಲ್ಲ. ಪೈಪಿನ ಹೊರಗಿನ ದಪ್ಪ ಅಷ್ಟೇ ಇಟ್ಟು ಒಳಗೆ ಇನ್ನೊಂದು ದಾರಿ ಮಾಡಬೇಕೆಂದರೆ, ಮೂತ್ರ ಹೊರಗೆ ಬರುವ ದಾರಿಯನ್ನೇ ಕಿರಿದು ಮಾಡಬೇಕು. ಅಂದರೆ 22 ನಂಬರ್ ದಪ್ಪದ (ಈ ಅಳತೆ ಏನು ಅಂತ ಮುಂದೆ ಹೇಳಿದ್ದೇನೆ) ಮೂರು ಬಾಯಿ ಪೈಪಿನಲ್ಲಿ ಹೊರದಾರಿ 22ರ ಎರಡು ಬಾಯಿಯದಕ್ಕಿಂತ ಸಣ್ಣದು. ಅದಕ್ಕೇ ಮೂರು ಬಾಯಿಯದನ್ನು ಹೆಚ್ಚಾಗಿ ದಪ್ಪ ಸೈಜಿನಲ್ಲೇ ಹಾಕುತ್ತಾರೆ, ಸಾಮಾನ್ಯವಾಗಿ 20, 22, 24. ದಪ್ಪ ಪೈಪ್ ಮೂತ್ರದ ದಾರಿಯನ್ನು ಒತ್ತುತ್ತದೆ, ಉರಿ ಜಾಸ್ತಿ, ತುಂಬಾ ದಿನ ಇಟ್ಟರೆ ಒಳಗೆ ಗಾಯವಾಗಿ ಮುಂದೆ ದಾರಿ ಕಟ್ಟಿಕೊಳ್ಳಲೂಬಹುದು. ಬರೀ ಮೂತ್ರ ಇಳಿಯಬೇಕಾದವರಿಗೆ ಸುಮ್ನೆ ಯಾಕೆ ಆ ಶಿಕ್ಷೆ?

ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಪೈಪಿನಿಂದ ಹೊರಗೆ ಬರಬೇಕಾದದ್ದು ಏನು ಅಂತ ಮೊದಲು ನೋಡಿ. ತಿಳಿ ಮೂತ್ರವಾದರೆ ಸಣ್ಣ ಪೈಪ್. ರಕ್ತ, ಹೆಪ್ಪು ಬರುವುದಾದರೆ ದಪ್ಪದ್ದು, ಮೂರು ಬಾಯಿಯದು.

ಪ್ಯಾಕೆಟ್ ಮೇಲಿನ 14, 16, 18 ಅಂದರೆ ಏನು? ಬಣ್ಣ ಯಾಕೆ ಬೇರೆ ಬೇರೆ?

ಅದು ಫ್ರೆಂಚ್ ಅಳತೆ. ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಉಪಕರಣ ಮಾಡುತ್ತಿದ್ದ ಶಾರಿಯೇರ್ ಎಂಬುವರು ತಂದದ್ದು, 19ನೇ ಶತಮಾನದಲ್ಲಿ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಹಾಗಾಗಿ 18ರ ಪೈಪ್ ಆರು ಮಿಲಿಮೀಟರ್ ದಪ್ಪ, 24ರದ್ದು ಎಂಟು. ನೆನಪಿಡಿ, ಇದು ಹೊರಗಿನ ದಪ್ಪ, ಒಳಗಿನ ತೂತಿನದ್ದಲ್ಲ.

ಬಲೂನಿಗೆ ನೀರು ತುಂಬುವ ಬಾಯಿಯ ಬಣ್ಣ ನೋಡಿದರೆ ಸೈಜ್ ಗೊತ್ತಾಗುತ್ತದೆ. 12 ಬಿಳಿ, 14 ಹಸಿರು, 16 ಕಿತ್ತಳೆ, 18 ಕೆಂಪು, 20 ಹಳದಿ, 22 ನೇರಳೆ, 24 ನೀಲಿ. ದೊಡ್ಡವರಿಗೆ ಬರೀ ಮೂತ್ರ ಇಳಿಸಲು 12ರಿಂದ 16 ಸಾಕಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಪೈಪಿನ ನಂಬರ್, ಯಾವ ವಸ್ತುವಿನದ್ದು, ಬಲೂನಿನಲ್ಲಿ ಎಷ್ಟು ಎಂಎಲ್ ನೀರಿದೆ, ಯಾವ ದಿನ ಹಾಕಿದ್ದು, ಈ ನಾಲ್ಕನ್ನೂ ಕೇಳಿ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಕಡೆ ಬದಲಾಯಿಸಿಕೊಳ್ಳಬೇಕಾದರೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ನೇತುಹಾಕಿರುವುದು ಗ್ಲೂಕೋಸ್ ಬಾಟಲಿಯಾ?

ಅಲ್ಲ. ಅದು 0.9% ಸಲೈನ್, ಹೆಚ್ಚಾಗಿ ಮೂರು ಲೀಟರಿನ ದೊಡ್ಡ ಚೀಲ. ಕೈಯ ನರಕ್ಕೆ ಹೋಗುವ ಡ್ರಿಪ್ಪೇ ಬೇರೆ, ಇದೇ ಬೇರೆ. ಎರಡೂ ಅಕ್ಕಪಕ್ಕ ನೇತಾಡುತ್ತಿರುತ್ತವೆ, ಆದ್ದರಿಂದ ಇದಕ್ಕೆ ದೊಡ್ಡದಾಗಿ ಲೇಬಲ್ ಅಂಟಿಸಿರುತ್ತೇವೆ. ದಯವಿಟ್ಟು ಯಾವ ಕ್ಲಾಂಪನ್ನೂ ನೀವಾಗಿ ತಿರುಗಿಸಬೇಡಿ.

ಬರೀ ಶುದ್ಧ ನೀರು ಯಾಕೆ ಬಿಡುವುದಿಲ್ಲ ಅಂತಲೂ ಕೇಳುತ್ತಾರೆ. ಆಪರೇಷನ್ ಆದ ಜಾಗದಲ್ಲಿ ರಕ್ತನಾಳಗಳು ತೆರೆದಿರುತ್ತವೆ. ಅವು ಸ್ವಲ್ಪ ನೀರನ್ನು ಹೀರಿಕೊಂಡೇ ಹೀರಿಕೊಳ್ಳುತ್ತವೆ. ಉಪ್ಪಿಲ್ಲದ ನೀರು ರಕ್ತಕ್ಕೆ ಸೇರಿದರೆ ಸೋಡಿಯಂ ಇಳಿಯುತ್ತದೆ, ರಕ್ತಕಣಗಳು ಒಡೆಯುತ್ತವೆ. ಸಲೈನಿನಲ್ಲಿ ಆ ಭಯ ಕಡಿಮೆ.

ಸಲೈನ್ ಚೀಲವನ್ನು ರೋಗಿಗಿಂತ ಎರಡರಿಂದ ಎರಡೂವರೆ ಅಡಿ ಎತ್ತರದಲ್ಲಿ ಕಟ್ಟಿರುತ್ತೇವೆ. ಬೇಗ ಮುಗಿಯಲಿ ಅಂತ ಸ್ಟ್ಯಾಂಡ್ ಎತ್ತರಿಸಿದರೆ ಒಳಗೆ ಒತ್ತಡ ಏರುತ್ತದೆ. ವೇಗ ಎಷ್ಟಿರಬೇಕು ಅನ್ನುವುದನ್ನು ಹೊರಗೆ ಬರುವ ನೀರಿನ ಬಣ್ಣ ನೋಡಿ ತೀರ್ಮಾನಿಸುತ್ತೇವೆ. ತಿಳಿ ಗುಲಾಬಿಗೆ ಬಂದರೆ ನಿಧಾನ ಮಾಡುತ್ತೇವೆ, ಕೋಕಂ ಶರಬತ್ತಿನಷ್ಟು ಕೆಂಪಾದರೆ ಜೋರು ಬಿಡುತ್ತೇವೆ.

ಪಕ್ಕದಲ್ಲಿ ಕೂತವರು ಮುಖ್ಯವಾಗಿ ಏನು ನೋಡಬೇಕು?

ಒಳಗೆ ಹೋದಷ್ಟು ನೀರು ಹೊರಗೆ ಬರುತ್ತಿದೆಯಾ ಅನ್ನುವುದು. ಉಳಿದದ್ದೆಲ್ಲ ಆಮೇಲೆ.

ಲೆಕ್ಕ ಸುಲಭ. ಆರು ಲೀಟರ್ ಸಲೈನ್ ಒಳಗೆ ಹೋಗಿದೆ, ಕೆಳಗಿನ ಚೀಲದಿಂದ ಒಟ್ಟು ಏಳೂವರೆ ಲೀಟರ್ ಖಾಲಿ ಮಾಡಿದ್ದೇವೆ ಅಂದುಕೊಳ್ಳಿ. ಒಂದೂವರೆ ಲೀಟರ್ ಅವರದ್ದೇ ಮೂತ್ರ. ಹೊರಗೆ ಬಂದದ್ದು ಯಾವಾಗಲೂ ಒಳಗೆ ಹೋದದ್ದಕ್ಕಿಂತ ಜಾಸ್ತಿ ಇರಬೇಕು. ಕಡಿಮೆಯಾಯಿತು ಅಂದರೆ ಮಿಕ್ಕ ನೀರು ಒಳಗೇ ನಿಂತಿದೆ. ಮೂತ್ರಕೋಶ ಹಿಡಿಯುವುದೇ ಸುಮಾರು ಅರ್ಧ ಲೀಟರ್. ಮೇಲಿಂದ ನೀರು ಬರುತ್ತಲೇ ಇದ್ದು ಕೆಳಗೆ ಹೋಗದಿದ್ದರೆ ಅದು ತುಂಬಲು ಎಷ್ಟು ಹೊತ್ತು ಬೇಕು ಹೇಳಿ.

ಒಬ್ಬ ಅಜ್ಜ ರಾತ್ರಿ ಎರಡು ಗಂಟೆ ಹೊತ್ತಿಗೆ ಹಾಸಿಗೆಯಲ್ಲಿ ಹೊರಳಾಡಲು ಶುರುಮಾಡಿದರು. ಪೈಪ್ ಕೀಳಲು ಹೋಗುತ್ತಿದ್ದರು, ಬೈಯುತ್ತಿದ್ದರು. ಮಗ ಬಂದು, "ಸಿಸ್ಟರ್, ಅನಸ್ತೇಸಿಯಾ ಇನ್ನೂ ಇಳಿದಿಲ್ಲ ಅನ್ಸುತ್ತೆ, ಏನೇನೋ ಮಾತಾಡ್ತಿದ್ದಾರೆ, ನಿದ್ದೆಗೊಂದು ಇಂಜೆಕ್ಷನ್ ಕೊಡಿ" ಅಂದರು. ಹೋಗಿ ಕಿಬ್ಬೊಟ್ಟೆ ಮೇಲೆ ಕೈ ಇಟ್ಟೆ, ಕಲ್ಲಿನಂತೆ ಬಿಗಿದಿತ್ತು. ಮೇಲಿನ ಸಲೈನ್ ತೊಟ್ಟಿಕ್ಕುತ್ತಲೇ ಇದೆ, ಕೆಳಗಿನ ಟ್ಯೂಬಿನಲ್ಲಿ ಕೆಂಪು ನೀರು ಅಲ್ಲಾಡದೆ ನಿಂತಿದೆ. ಮೊದಲು ಮೇಲಿನ ಕ್ಲಾಂಪ್ ಮುಚ್ಚಿದೆ. ಟ್ಯೂಬ್ ಎಲ್ಲೂ ಮಡಚಿರಲಿಲ್ಲ. ಡ್ಯೂಟಿ ಡಾಕ್ಟರ್ ಬಂದು 50 ಎಂಎಲ್ ದಪ್ಪಮೂತಿ ಸಿರಿಂಜಿನಲ್ಲಿ ಸಲೈನ್ ಒಳಗೆ ಹಾಕಿ ಎಳೆದರು. ಎರಡು ಸಲ ಏನೂ ಬರಲಿಲ್ಲ, ಮೂರನೇ ಸಲಕ್ಕೆ ಬೆರಳುದ್ದದ ಕಪ್ಪು ಹೆಪ್ಪು, ಅದರ ಹಿಂದೆಯೇ ನೀರು ಭರ್ರನೆ. ಅಜ್ಜ ಹಾಗೇ ಕಣ್ಣು ಮುಚ್ಚಿದರು, ಬೆಳಗಿನವರೆಗೆ ನಿದ್ದೆ. ಮಗನ ಮಾತು ಕೇಳಿ ನಿದ್ದೆ ಇಂಜೆಕ್ಷನ್ ಕೊಟ್ಟಿದ್ದರೆ ಅವರು ಸುಮ್ಮನಾಗುತ್ತಿದ್ದರು, ಮೂತ್ರಕೋಶ ತುಂಬುತ್ತಲೇ ಇರುತ್ತಿತ್ತು.

ವಯಸ್ಸಾದವರು ನೋವನ್ನು ನೋವು ಅಂತ ಹೇಳದೇ ಇರಬಹುದು. ಚಡಪಡಿಸುತ್ತಾರೆ, ಬೆವರುತ್ತಾರೆ, ಸಿಟ್ಟಾಗುತ್ತಾರೆ. ಪೈಪ್ ಇರುವವರು ಹೀಗೆ ಮಾಡಿದರೆ ಮೊದಲು ಚೀಲ ನೋಡಿ, ಆಮೇಲೆ ಹೊಟ್ಟೆ ಮುಟ್ಟಿ ನೋಡಿ, ತಕ್ಷಣ ನರ್ಸನ್ನು ಕರೆಯಿರಿ.

ಎರಡು ಬಾಯಿಯ ಪೈಪಿನಲ್ಲಿ ತೊಳೆಯೋಕೆ ಆಗಲ್ವಾ?

ಆಗುತ್ತದೆ, ಸಿರಿಂಜಿನಲ್ಲಿ. ಚೀಲದ ಟ್ಯೂಬ್ ಬಿಚ್ಚಿ, 50 ಎಂಎಲ್ ಸಲೈನ್ ಒಳಗೆ ಹಾಕಿ, ವಾಪಸ್ ಎಳೆಯುವುದು. ಹೆಪ್ಪು ದೊಡ್ಡದಿದ್ದರೆ ನಿಜ ಹೇಳಬೇಕೆಂದರೆ ದಪ್ಪನೆಯ ಎರಡು ಬಾಯಿಯ ಪೈಪೇ ಚೆನ್ನಾಗಿ ಎಳೆಯುತ್ತದೆ, ಅದರ ದಾರಿ ಅಗಲ. ಆದರೆ ನಿಲ್ಲದೆ ನೀರು ಹರಿಸಲು ಅದರಲ್ಲಿ ಬರುವುದಿಲ್ಲ. ಮತ್ತೆ ಪ್ರತಿ ಸಲ ಬಿಚ್ಚಿದಾಗಲೂ ಸೋಂಕಿಗೆ ಬಾಗಿಲು ತೆರೆದ ಹಾಗೆ.

ಇನ್ನೊಂದು ಮಾತು. ಹೆಪ್ಪು ಒಳಗಿದ್ದಾಗ ಬರೀ ಮೂರನೇ ಬಾಯಿಯಿಂದ ನೀರು ಬಿಟ್ಟರೆ ಅದು ಕರಗುವುದಿಲ್ಲ. ಮೊದಲು ಸಿರಿಂಜಿನಲ್ಲಿ ಹೆಪ್ಪೆಲ್ಲ ಎಳೆದು ತೆಗೆಯಬೇಕು, ಆಮೇಲೆ ನೀರು ಹರಿಸಬೇಕು. ಹರಿಯುವ ನೀರಿನ ಕೆಲಸ ಹೊಸ ಹೆಪ್ಪು ಆಗದಂತೆ ನೋಡುವುದು ಅಷ್ಟೇ. ರಕ್ತ ತುಂಬಾ ಬರುವವರಿಗೆ ಅಂತಲೇ ಗಟ್ಟಿ ಗೋಡೆಯ ಪೈಪ್ ಸಿಗುತ್ತದೆ, ಸಿರಿಂಜ್ ಎಳೆದಾಗ ಅದು ಚಪ್ಪಟೆಯಾಗಿ ಕಚ್ಚಿಕೊಳ್ಳುವುದಿಲ್ಲ.

ಪೈಪನ್ನು ಎಳೆದು ತೊಡೆಗೆ ಪ್ಲಾಸ್ಟರ್ ಹಾಕಿದ್ದಾರೆ. ಅಪ್ಪನಿಗೆ ಹಿಂಸೆಯಾಗುತ್ತಿದೆ, ಸಡಿಲ ಮಾಡಲಾ?

ಬೇಡ. ಬಲೂನಿನಲ್ಲಿ 30ರಿಂದ 50 ಎಂಎಲ್ ನೀರು ತುಂಬಿ ಕೆಳಗೆ ಎಳೆದು ಕಟ್ಟಿದರೆ ಅದು ಮೂತ್ರಕೋಶದ ಕುತ್ತಿಗೆಯ ಮೇಲೆ ಕೂತು ರಕ್ತ ಒಸರುವ ಜಾಗವನ್ನು ಒತ್ತಿ ಹಿಡಿಯುತ್ತದೆ. ಅಮೆರಿಕದ ಫ್ರೆಡೆರಿಕ್ ಫೋಲಿ ಎಂಬ ಯೂರಾಲಜಿಸ್ಟ್ ಈ ಬಲೂನನ್ನು ಯೋಚಿಸಿದ್ದೇ ಪ್ರಾಸ್ಟೇಟ್ ಆಪರೇಷನ್ ನಂತರದ ರಕ್ತ ನಿಲ್ಲಿಸಲು. ಕೆಲವು ಗಂಟೆಗಳ ಮೇಲೆ ಡಾಕ್ಟರೇ ಸಡಿಲಿಸುತ್ತಾರೆ. ಯಾವಾಗ ಬಿಡುತ್ತೀರಿ ಅಂತ ಧಾರಾಳವಾಗಿ ಕೇಳಿ, ತುಂಬಾ ಹೊತ್ತು ಎಳೆದಿಟ್ಟರೂ ಒಳ್ಳೆಯದಲ್ಲ.

ಬರೀ ಮೂತ್ರ ಇಳಿಸುವ ಪೈಪಿಗೆ ಎಳೆತ ಇರಲೇಬಾರದು. ತೊಡೆಗೆ ಸ್ವಲ್ಪ ಸಡಿಲ ಬಿಟ್ಟೇ ಅಂಟಿಸಬೇಕು. ಬಲೂನೂ ಸಣ್ಣದು ಸಾಕು, ಹೆಚ್ಚಾಗಿ 10 ಎಂಎಲ್. ಎಷ್ಟು ತುಂಬಬೇಕು ಅಂತ ಪೈಪಿನ ಬಾಯಿಯ ಹತ್ತಿರವೇ ಅಚ್ಚಾಗಿರುತ್ತದೆ. ತುಂಬುವುದು ಸ್ಟೆರೈಲ್ ನೀರು. ಸಲೈನ್ ತುಂಬಿದರೆ ಒಳಗೆ ಉಪ್ಪು ಕಟ್ಟಿ ತೆಗೆಯುವಾಗ ಬಲೂನ್ ಇಳಿಯದೆ ಸತಾಯಿಸಬಹುದು.

ಲ್ಯಾಟೆಕ್ಸ್ ಒಳ್ಳೆಯದಾ, ಸಿಲಿಕೋನ್ ಒಳ್ಳೆಯದಾ? ಮೆಡಿಕಲ್ ಶಾಪಿನಲ್ಲಿ ಬೆಲೆ ತುಂಬಾ ವ್ಯತ್ಯಾಸ ಇದೆ.

ಎಷ್ಟು ದಿನ ಇರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಆಪರೇಷನ್ ಆಗಿ ಎರಡು ಮೂರು ದಿನಕ್ಕೆ ತೆಗೆಯುವುದಾದರೆ ಹಳದಿ ಬಣ್ಣದ ಲ್ಯಾಟೆಕ್ಸ್ (ರಬ್ಬರ್) ಸಾಕು, ದುಡ್ಡು ಸುರಿಯಬೇಡಿ. ಲ್ಯಾಟೆಕ್ಸಿನಲ್ಲಿ ಲೇಪನ ನೋಡಿಕೊಂಡು ಎರಡು ವಾರ, ಹೆಚ್ಚೆಂದರೆ ನಾಲ್ಕು ವಾರ ಇಡುತ್ತಾರೆ. ತಿಂಗಳುಗಟ್ಟಲೆ ಪೈಪ್ ಬೇಕಾದವರಿಗೆ ಪೂರ್ತಿ ಸಿಲಿಕೋನಿನದು ತಗೊಳ್ಳಿ, 12 ವಾರದವರೆಗೆ ಇರಬಹುದು. ಅದರ ಗೋಡೆ ತೆಳು, ಹಾಗಾಗಿ ಅದೇ ನಂಬರಿನಲ್ಲಿ ಒಳದಾರಿ ಅಗಲ. ಉರಿಯೂತವೂ ಕಡಿಮೆ. ಒಂದೇ ತೊಂದರೆ ಏನೆಂದರೆ ಸಿಲಿಕೋನ್ ಬಲೂನಿನಿಂದ ನೀರು ನಿಧಾನಕ್ಕೆ ಇಂಗುತ್ತದೆ, ಕೆಲವರಿಗೆ ಪೈಪ್ ತಾನಾಗೇ ಜಾರಿ ಬರುತ್ತದೆ.

ಪ್ಯಾಕೆಟ್ ಮೇಲೆ ಸಿಲಿಕೋನ್ ಅಂತ ಕಂಡ ತಕ್ಷಣ ದುಡ್ಡು ಕೊಡಬೇಡಿ. ಸಿಲಿಕೋನ್ ಲೇಪನ ಇರುವ ಲ್ಯಾಟೆಕ್ಸ್ ಬೇರೆ, ಪೂರ್ತಿ ಸಿಲಿಕೋನ್ ಬೇರೆ. ಪೂರ್ತಿ ಸಿಲಿಕೋನಿನದು ಪಾರದರ್ಶಕವಾಗಿ ಕಾಣುತ್ತದೆ.

ಬಲೂನ್ ಊದಿದರೆ, ರಬ್ಬರ್ ಗ್ಲೌಸ್ ಹಾಕಿದರೆ ತುರಿಕೆ ಬರುವವರು ಲ್ಯಾಟೆಕ್ಸ್ ಆಗಲ್ಲ ಅಂತ ಮೊದಲೇ ಹೇಳಿ. ಲ್ಯಾಟೆಕ್ಸ್ ಪೈಪಿಗೆ ವ್ಯಾಸಲೀನ್, ಕೊಬ್ಬರಿ ಎಣ್ಣೆ ಸವರಬೇಡಿ, ಎಣ್ಣೆ ತಾಗಿದರೆ ರಬ್ಬರ್ ಹಾಳಾಗುತ್ತದೆ.

ಬೆಳ್ಳಿ ಲೇಪನದ ಪೈಪ್ ಹಾಕಿಸಿದರೆ ಸೋಂಕು ಬರಲ್ವಂತೆ?

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಹೇಳಿದರು. ಕೆಲವು ದಿನಗಳ ಮಟ್ಟಿಗೆ ಹಾಕುವ ಪೈಪಿನಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬೇಗ ತೆಗೆಸುವುದೇ ಸೋಂಕಿಗೆ ಒಳ್ಳೆಯ ಮದ್ದು. ದಿನಾ ಡಾಕ್ಟರನ್ನು ಕೇಳಿ, ಇವತ್ತೂ ಪೈಪ್ ಬೇಕಾ ಅಂತ.

ಪೈಪಿನ ಪಕ್ಕದಿಂದ ಮೂತ್ರ ಸೋರುತ್ತಿದೆ. ಇನ್ನೂ ದಪ್ಪದ್ದು ಹಾಕಿಸೋಣವಾ?

ಎಲ್ಲರೂ ಹೀಗೇ ಯೋಚಿಸುತ್ತಾರೆ. ಹೆಚ್ಚಿನ ಸಲ ಅದರಿಂದ ಸೋರುವುದು ಜಾಸ್ತಿಯಾಗುತ್ತದೆ. ಮೊದಲು ನೋಡಬೇಕಾದದ್ದು ಪೈಪ್ ಕಟ್ಟಿದೆಯಾ, ಎಲ್ಲಾದರೂ ಮಡಚಿದೆಯಾ, ರೋಗಿ ಅದರ ಮೇಲೇ ಮಲಗಿದ್ದಾರಾ ಅಂತ. ಚೀಲಕ್ಕೂ ಸರಿಯಾಗಿ ಇಳಿಯುತ್ತಿದ್ದು, ಜೊತೆಗೆ ಸೋರುತ್ತಿದ್ದರೆ, ಮೂತ್ರಕೋಶ ಬಲೂನನ್ನು ಹೊರಗೆ ತಳ್ಳಲು ಹಿಂಡುತ್ತಿದೆ ಅಂತ ಅರ್ಥ. ಆಗ ಕಿಬ್ಬೊಟ್ಟೆಯಲ್ಲಿ ಹಿಡಿದು ಬಿಟ್ಟಂತೆ ನೋವು ಬರುತ್ತದೆ. ಇದಕ್ಕೆ ಮಾತ್ರೆ ಇದೆ, ಡಾಕ್ಟರ್ ಕೊಡುತ್ತಾರೆ. ಪೈಪನ್ನು ಸಣ್ಣ ಸೈಜಿಗೆ ಇಳಿಸಿದರೂ ಎಷ್ಟೋ ಜನಕ್ಕೆ ಸರಿಹೋಗುತ್ತದೆ. ಮಲಬದ್ಧತೆಯನ್ನು ಮರೆಯಬೇಡಿ, ಕರುಳು ಕಟ್ಟಿಕೊಂಡಿದ್ದರೆ ಪೈಪನ್ನು ಹಿಂದಿನಿಂದ ಒತ್ತುತ್ತದೆ.

ಮನೆಯಲ್ಲಿ ವಾರಕ್ಕೊಮ್ಮೆ ಬ್ಲಾಡರ್ ವಾಶ್ ಮಾಡಿಸಬೇಕಾ? ಮೂತ್ರ ವಾಸನೆ ಬರುತ್ತಿದೆ.

ಸೋಂಕು ಬರದಿರಲಿ ಅಂತ ಮಾಡಿಸುವುದು ಬೇಡ. ಪೈಪ್ ಇದ್ದ ಪ್ರತಿ ದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ 3ರಿಂದ 7% ಏರುತ್ತದೆ. ತಿಂಗಳಾಗುವಷ್ಟರಲ್ಲಿ ಬಹುತೇಕ ಎಲ್ಲರಲ್ಲೂ ಇರುತ್ತವೆ. ತೊಳೆದರೂ ಹೋಗುವುದಿಲ್ಲ, ಬಿಚ್ಚಿ ತೊಳೆಯುವಾಗ ಹೊಸವು ಸೇರುತ್ತವೆ. ಬೆಟಾಡಿನ್ ಹಾಕಿ ತೊಳೆಯುತ್ತೇನೆ ಅಂತ ಯಾರಾದರೂ ಬಂದರೆ ನಿಮ್ಮ ಯೂರಾಲಜಿಸ್ಟನ್ನು ಕೇಳದೆ ಒಪ್ಪಬೇಡಿ. ಬರೀ ವಾಸನೆ, ಸ್ವಲ್ಪ ಮಬ್ಬು ಇದ್ದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಕೂಡ ಬೇಕಿಲ್ಲ. ಜ್ವರ, ಚಳಿ, ಸೊಂಟದ ಪಕ್ಕ ನೋವು, ಇದ್ದಕ್ಕಿದ್ದಂತೆ ಮಂಕಾಗುವುದು, ಇವು ಬಂದರೆ ತೋರಿಸಲೇಬೇಕು.

ಕೆಲವರಿಗೆ ಮಾತ್ರ ಪೈಪ್ ಎರಡು ಮೂರು ವಾರಕ್ಕೇ ಸುಣ್ಣದಂಥ ಪುಡಿ ಕಟ್ಟಿ ಮುಚ್ಚುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಮೂತ್ರವನ್ನು ಕ್ಷಾರ ಮಾಡಿ ಲವಣಗಳು ಹರಳಾಗುವಂತೆ ಮಾಡುವುದರಿಂದ ಹೀಗೆ. ಅಂಥವರಿಗೆ ಪೈಪನ್ನು ಬೇಗ ಬೇಗ ಬದಲಾಯಿಸುವುದು, ಒಳಗೆ ಕಲ್ಲಿದೆಯಾ ನೋಡುವುದು, ಬೇಕಿದ್ದರೆ ಡಾಕ್ಟರ್ ಹೇಳಿದ ದ್ರಾವಣದಲ್ಲಿ ತೊಳೆಯುವುದು, ಇವೆಲ್ಲ ಇವೆ. ಹೃದಯ, ಕಿಡ್ನಿ ತೊಂದರೆಗೆ ನೀರು ಕಡಿಮೆ ಮಾಡಿ ಅಂದಿಲ್ಲದಿದ್ದರೆ ನೀರು ಚೆನ್ನಾಗಿ ಕುಡಿಸಿ.

ಪೈಪ್ ಒಳಗೇ ಇಡದೆ ಬೇರೆ ದಾರಿ ಇದೆಯಾ?

ಇದೆ, ನಮ್ಮಲ್ಲಿ ಇನ್ನೂ ಜಾಸ್ತಿ ಜನ ಬಳಸಬೇಕು ಅಂತ ನನ್ನ ಆಸೆ. ಬಲೂನಿಲ್ಲದ ತೆಳು ಪೈಪನ್ನು ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ಹಾಕಿ, ಮೂತ್ರ ಖಾಲಿ ಮಾಡಿ, ತೆಗೆದುಬಿಡುವುದು. ಅಮೆರಿಕದ ಮಿಷಿಗನ್ನಿನಲ್ಲಿ ಜ್ಯಾಕ್ ಲ್ಯಾಪಿಡಿಸ್ ಎಂಬ ಡಾಕ್ಟರ್ 1972ರಲ್ಲಿ ಇದನ್ನು ತೋರಿಸಿಕೊಟ್ಟರು. ಕೈ ಸರಿಯಾಗಿ ಆಡುವವರು, ಕಲಿಯುವ ಮನಸ್ಸಿರುವವರು ಕೆಲವೇ ದಿನದಲ್ಲಿ ಕಲಿಯುತ್ತಾರೆ. ಸೋಂಕು ಕಡಿಮೆ, ಚೀಲ ಹೊತ್ತು ತಿರುಗುವ ಮುಜುಗರ ಇಲ್ಲ. ಆದರೆ ರಕ್ತದ ಹೆಪ್ಪು ಇರುವಾಗ ಇದು ಆಗುವುದಿಲ್ಲ.

ಹೊಕ್ಕುಳ ಕೆಳಗಿನಿಂದ ನೇರ ಮೂತ್ರಕೋಶಕ್ಕೆ ಹಾಕುವ ಪೈಪ್ ವರ್ಷಗಟ್ಟಲೆ ಬೇಕಾದವರಿಗೆ ಆರಾಮ. ಅದು ಜಾರಿ ಬಂದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಆ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಕಾಂಡೋಮಿನಂತೆ ಹೊರಗಿನಿಂದ ತೊಡಿಸುವ ಕಾಂಡೋಮ್ ಕ್ಯಾತಿಟರ್ ಮೂತ್ರ ಸೋರುವ ಗಂಡಸರಿಗೆ ಸರಿ, ಮೂತ್ರ ಕಟ್ಟಿದವರಿಗೆ ಪ್ರಯೋಜನವಿಲ್ಲ.

ಚೀಲದ ಬಗ್ಗೆ?

ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗಬಾರದು. ಸ್ಟ್ರೆಚರಿಗೆ ಹತ್ತಿಸುವಾಗ ಚೀಲವನ್ನು ಹೊಟ್ಟೆ ಮೇಲೆ ಇಡುತ್ತಾರೆ ನೋಡಿ, ಬೇಡ ಅನ್ನಿ. ಮೂರನೇ ಎರಡು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಿ, ಮೊದಲೂ ಆಮೇಲೂ ಕೈ ತೊಳೆಯಿರಿ. ಚೀಲ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಮಲಬದ್ಧತೆ ಇರುವವರಲ್ಲಿ ಕೆಲವು ಬ್ಯಾಕ್ಟೀರಿಯಾಗಳಿಂದ ಹಾಗಾಗುತ್ತದೆ, ಡಾಕ್ಟರಿಗೆ ಹೇಳಿದರೆ ಸಾಕು.

ಗಂಡಸರಿಗೆ ಪೈಪಿನ ಸುತ್ತ ದಿನಾ ಸೋಪು ನೀರಿನಲ್ಲಿ ತೊಳೆದ ಮೇಲೆ ಮುಂದೊಗಲನ್ನು ಮುಂದಕ್ಕೆ ಎಳೆದು ಬಿಡುವುದನ್ನು ಮರೆಯಬೇಡಿ. ಹಿಂದೆಯೇ ಉಳಿದರೆ ಊದಿಕೊಂಡು ಸಿಕ್ಕಿಕೊಳ್ಳುತ್ತದೆ, ಅದು ಎಮರ್ಜೆನ್ಸಿ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಎರಡು ಮೂರು ಗಂಟೆಯಿಂದ ಚೀಲಕ್ಕೆ ಏನೂ ಇಳಿದಿಲ್ಲ, ಹೊಟ್ಟೆ ಬಿಗಿದಿದೆ ಅಂದರೆ. ಗಟ್ಟಿ ರಕ್ತ, ಹೆಪ್ಪು ಬರುತ್ತಿದ್ದರೆ. ಚಳಿ ಜ್ವರ ಬಂದರೆ. ಬಲೂನ್ ಸಮೇತ ಪೈಪ್ ಕಿತ್ತುಕೊಂಡಿದ್ದರೆ, ಮೇಲೆ ರಕ್ತ ನಿಂತ ಹಾಗೆ ಕಂಡರೂ ಸರಿ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾಗಿರುವವರಿಗೆ ಪೈಪ್ ಕಟ್ಟಿದರೆ ಬಿಪಿ ಒಮ್ಮೆಲೇ ಏರುತ್ತದೆ, ತಲೆ ಸಿಡಿಯುವಂತೆ ನೋವು, ಮುಖವೆಲ್ಲ ಬೆವರು. ಅವರ ವಿಷಯದಲ್ಲಿ ನಿಮಿಷವೂ ತಡ ಮಾಡಬೇಡಿ.

ಪೈಪ್ ಕಟ್ಟಿದರೆ ಬಲೂನಿನ ಬಾಯಿ ಕತ್ತರಿಸಿ ಎಳೆಯಿರಿ ಅಂತ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಕತ್ತರಿಸಿದರೂ ನೀರು ಇಳಿಯದೇ ಇದ್ದರೆ ಸಿರಿಂಜ್ ಹಾಕಲು ಜಾಗವೇ ಉಳಿಯುವುದಿಲ್ಲ.

ಪೈಪ್ ತೆಗೆದ ಮೇಲೆ ಏನಾಗುತ್ತದೆ?

ಒಂದೆರಡು ದಿನ ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು, ಸ್ವಲ್ಪ ಗುಲಾಬಿ ಬಣ್ಣ, ಇದೆಲ್ಲ ಇರುತ್ತದೆ. ಪ್ರತಿ ಸಲ ಹೋದಾಗ ಎಷ್ಟಾಯಿತು ಅಂತ ಅಳೆದು ಬರೆದಿಡಿ. ಆರು ಗಂಟೆಯಾದರೂ ಹೋಗದಿದ್ದರೆ, ಅಥವಾ ಅದಕ್ಕೂ ಮೊದಲೇ ಹೊಟ್ಟೆ ಬಿಗಿದರೆ, ಇಲ್ಲಾ ಹನಿ ಹನಿಯಾಗಿ ಮಾತ್ರ ಬರುತ್ತಿದ್ದರೆ ಹೇಳಿ. ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ನೋಡುತ್ತೇವೆ. ಮತ್ತೆ ಪೈಪ್ ಹಾಕಬೇಕಾಗಿ ಬಂದರೂ ಆಪರೇಷನ್ ಕೆಟ್ಟುಹೋಯಿತು ಅಂತ ಅಲ್ಲ. ಊತ ಇಳಿಯಲು ಕೆಲವರಿಗೆ ಇನ್ನೊಂದು ವಾರ ಬೇಕಾಗುತ್ತದೆ, ಆಗ ಹಾಕುವುದು ಸಣ್ಣ ಸೈಜಿನ ಎರಡು ಬಾಯಿಯದು.